ನಾನೂರು ಕೆಲಸ, ಒಂದು ಫೋನು: ತೋಟದ ಮನೆಯ ಕೆಲಸಪಟ್ಟಿಯನ್ನು ಆಪ್‌ನಲ್ಲಿ ಹೊಂದಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಒಂದು ಸಾಧಾರಣ ತೋಟದ ಮನೆಯ ಕೆಲಸಗಳನ್ನೆಲ್ಲ ಕೂತು ಬರೆದರೆ ಮುನ್ನೂರು ನಾನೂರಕ್ಕೆ ಮುಟ್ಟುವುದು ಸುಲಭ. ಅಡಿಕೆಗೆ ಕೊಳೆರೋಗದ ಔಷಧಿ, ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು), ಸೊಸೈಟಿ ಸಾಲ, ಪಂಪ್‌ಸೆಟ್, ದನದ ಡಾಕ್ಟರು, ಮಕ್ಕಳ ಫೀಸು, ಅಜ್ಜನ ಪಿಂಚಣಿ, ಶ್ರಾದ್ಧ. ಹೋಮ್‌ಸ್ಟೇ ಇದ್ದರೆ ಅದರದ್ದೇ ಇನ್ನೊಂದು ಐವತ್ತು. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳಲಾಗದು ಎಂದು ಹಲವರು ಫೋನಿಗೆ ಒಂದು ಟು-ಡು ಆಪ್ ಹಾಕಿಕೊಳ್ಳುತ್ತಾರೆ. ಮೊದಲ ಹದಿನೈದು ದಿನ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಪಟ್ಟಿಯ ತುಂಬ ಕೆಂಪು ತಾರೀಖು. ತೆರೆದು ನೋಡಲು ಮನಸ್ಸೇ ಬರುವುದಿಲ್ಲ.

ಮೂವತ್ತು ಕೆಲಸಕ್ಕೆ ಎಂಥ ಪಟ್ಟಿಯಾದರೂ ಸಾಕು, ಮೇಲಿಂದ ಕೆಳಗೆ ಕಣ್ಣಾಡಿಸಿದರೆ ಬೇಕಾದ್ದು ಸಿಗುತ್ತದೆ. ಮುನ್ನೂರಾದಾಗ ಕಣ್ಣಾಡಿಸುವುದು ಆಗದ ಮಾತು. ಈ ಹೊತ್ತಿಗೆ ಮಾಡಲು ಬರುವ ಕೆಲಸವನ್ನಷ್ಟೇ ತೋರಿಸಿ, ಉಳಿದದ್ದನ್ನು ಆಪ್ ಮುಚ್ಚಿಡಬೇಕು. ಅದಕ್ಕೆ ಪ್ರತಿ ಕೆಲಸದ ಬಗ್ಗೆ ಎರಡರಲ್ಲಿ ಒಂದನ್ನು ನೀವು ಆಪ್‌ಗೆ ಸರಿಯಾಗಿ ಹೇಳಿರಬೇಕು: ದಾಟಬಾರದ ತಾರೀಖು ಇದ್ದರೆ ಆ ತಾರೀಖು, ಇಲ್ಲದಿದ್ದರೆ, ಏನು ಕೂಡಿಬಂದಾಗ ಅದನ್ನು ಮಾಡಬಹುದು ಎಂಬುದು. ಮಳೆ ಬಿಟ್ಟು ಹೊಳವಾದಾಗ, ಪೇಟೆಗೆ ಹೋದಾಗ, ಕೊನೆಗೌಡ (ಅಡಿಕೆ ಮರ ಹತ್ತುವವ) ಬಂದ ದಿನ, ಹೀಗೆ. ಇಲ್ಲಿ ಹೇಳುವ ಎಲ್ಲ ವ್ಯವಸ್ಥೆ ಇದರ ಮೇಲೆಯೇ ನಿಂತಿದೆ.

ಯಾವ ಆಪ್

ಇದರಲ್ಲಿ ಹೆಚ್ಚು ದಿನ ಕಳೆಯಬೇಡಿ. ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ನೆಟ್‌ವರ್ಕ್ ಇಲ್ಲದ ಹೊತ್ತಿನದು. ತೋಟದೊಳಗೆ, ಬೆಟ್ಟದಲ್ಲಿ, ಘಟ್ಟದ ರಸ್ತೆಯಲ್ಲಿ ಸಿಗ್ನಲ್ ಇರುವುದಿಲ್ಲ. ಕೆಲಸ ನೆನಪಾಗುವುದೂ ಅಲ್ಲೇ.

ಟಾಸ್ಕ್ಸ್ ಡಾಟ್ ಆರ್ಗ್ ಆಂಡ್ರಾಯ್ಡ್ ಫೋನಿನ ಮುಕ್ತ ತಂತ್ರಾಂಶ. ಖಾತೆ ತೆರೆಯದೆ, ನೆಟ್ ಇಲ್ಲದೆ ಪೂರ್ತಿ ಕೆಲಸ ಮಾಡುತ್ತದೆ. ಶುರುವಿನ ತಾರೀಖು, ಟ್ಯಾಗ್ (ಕೆಲಸಕ್ಕೆ ಅಂಟಿಸುವ ಗುರುತುಪದ, ಮುಂದೆ ಲೇಬಲ್ ಎಂದು ಕರೆದದ್ದು), ಫಿಲ್ಟರ್ (ಬೇಕಾದ ಕೆಲಸಗಳನ್ನಷ್ಟೇ ಸೋಸಿ ತೋರಿಸುವುದು), ಮುಗಿಸಿದ ದಿನದಿಂದ ಎಣಿಸುವ ಪುನರಾವರ್ತನೆ ಎಲ್ಲ ಇವೆ. ಒಬ್ಬರೇ ಬಳಸುವುದಾದರೆ ನಮ್ಮ ಮೊದಲ ಆಯ್ಕೆ ಇದೇ. ಟೊಡೊಯಿಸ್ಟ್ ಫೋನು, ಕಂಪ್ಯೂಟರ್ ಎರಡರಲ್ಲೂ ನಡೆಯುತ್ತದೆ. ನೆಟ್ ಇಲ್ಲದಾಗ ಬರೆದದ್ದನ್ನು ಆಮೇಲೆ ಕೂಡಿಸಿಕೊಳ್ಳುತ್ತದೆ. ಇದರ ಫಿಲ್ಟರಿನಷ್ಟು ಚುರುಕಾದ ಫಿಲ್ಟರು ಉಳಿದವುಗಳಲ್ಲಿ ಇಲ್ಲ. ಹಣ ಕೊಡದ ಖಾತೆಗೆ 5 ಪ್ರಾಜೆಕ್ಟ್ (ಅಂದರೆ ಪಟ್ಟಿ), 3 ಫಿಲ್ಟರ್ ಮಿತಿಯಿದೆ, ನಮ್ಮ ಕೆಲಸಕ್ಕೆ ಅಷ್ಟು ಸಾಕು. ಮೈಕ್ರೋಸಾಫ್ಟ್ ಟು ಡು ಪೂರ್ತಿ ಉಚಿತ, ಮನೆಮಂದಿಯ ಜೊತೆ ಪಟ್ಟಿ ಹಂಚಿಕೊಳ್ಳಲು ಸುಲಭ. ಗೂಗಲ್ ಟಾಸ್ಕ್ಸ್‌ನಲ್ಲಿ ಲೇಬಲ್ ಇಲ್ಲ. ಐವತ್ತು ಅರವತ್ತು ಕೆಲಸದವರೆಗೆ ಸರಿ, ನಾನೂರಕ್ಕೆ ಬೇಡ.

ಒಂದನ್ನು ಹಿಡಿದ ಮೇಲೆ ಒಂದು ವರ್ಷ ಬದಲಾಯಿಸಬೇಡಿ. ಕೊಯ್ಲು, ಮಳೆಗಾಲ, ಮಾರ್ಚ್ ಕೊನೆ, ಮೂರನ್ನೂ ಒಂದು ಸುತ್ತು ದಾಟದೆ ಯಾವ ವ್ಯವಸ್ಥೆಯ ಗುಣವೂ ತಿಳಿಯುವುದಿಲ್ಲ.

ಎಲ್ಲವನ್ನೂ ಒಮ್ಮೆ ಸುರಿಯುವುದು

ಎರಡು ಬೈಠಕ್ಕು ಬೇಕು, ಒಂದೊಂದು ಸುಮಾರು ಎರಡು ಗಂಟೆ. ಮೊದಲನೆಯದರಲ್ಲಿ ಸುಮ್ಮನೆ ಸಂಗ್ರಹಿಸಿ: ಗೋಡೆಯ ಕ್ಯಾಲೆಂಡರ್ ಮೇಲೆ ಬರೆದದ್ದು, ಡೈರಿ, ಅಂಗಡಿ ಚೀಟಿ, ವಾಟ್ಸಾಪ್‌ನಲ್ಲಿ ನಕ್ಷತ್ರ ಹಾಕಿಟ್ಟ ಸಂದೇಶ, ತಲೆಯಲ್ಲಿರುವುದು. ಒಂದು ಸಾಲಿಗೆ ಒಂದೇ ಕೆಲಸ. ಈ ಹಂತದಲ್ಲಿ ತಾರೀಖು, ಲೇಬಲ್ ಯಾವುದನ್ನೂ ಹಾಕಬೇಡಿ. ಎರಡನ್ನೂ ಒಟ್ಟಿಗೆ ಮಾಡಲು ಹೋದವರು ಐವತ್ತನೇ ಸಾಲಿಗೇ ನಿಲ್ಲಿಸುತ್ತಾರೆ. ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಟೈಪ್ ಮಾಡಿಟ್ಟುಕೊಂಡರೆ ಟೊಡೊಯಿಸ್ಟ್, ಮೈಕ್ರೋಸಾಫ್ಟ್ ಟು ಡು ಎರಡರಲ್ಲೂ ಒಟ್ಟಿಗೆ ಅಂಟಿಸಬಹುದು. ಪ್ರತಿ ಸಾಲನ್ನೂ ಬೇರೆ ಕೆಲಸವಾಗಿ ಸೇರಿಸಬೇಕೇ ಎಂದು ಅದೇ ಕೇಳುತ್ತದೆ.

ಹಳೆಯ ಫೈಲಿನಿಂದ ನಕಲು ಮಾಡುವವರು ಒಂದು ವಿಷಯ ನೋಡಿಕೊಳ್ಳಿ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ. ಆಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ.

ಎರಡನೇ ಬೈಠಕ್ಕಿನಲ್ಲಿ ಪ್ರತಿ ಸಾಲನ್ನೂ ತಿದ್ದಬೇಕು. ಪಟ್ಟಿ ಬದುಕುವುದೂ ಸಾಯುವುದೂ ಇಲ್ಲೇ. ‘ಮೋಟರ್’ ಎಂದು ಬರೆದಿರುತ್ತೀರಿ. ಮೂರು ವಾರ ಕಳೆದು ನೋಡಿದಾಗ ಯಾವ ಮೋಟರು, ಅದಕ್ಕೇನಾಗಿದೆ, ಯಾರಿಗೆ ಹೇಳಬೇಕು ಎಂದು ಮತ್ತೆ ಮೊದಲಿಂದ ಯೋಚಿಸಬೇಕು. ಹಾಗಾಗಿ ಅದನ್ನು ದಾಟಿ ಮುಂದಕ್ಕೆ ಹೋಗುತ್ತೀರಿ. ‘ಕೆರೆ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಸೋರುತ್ತಿದೆ, ಮೆಕ್ಯಾನಿಕ್‌ಗೆ ಫೋನ್ ಮಾಡುವುದು’ ಎಂದು ಬರೆದಿದ್ದರೆ ಬಸ್ಸಿಗೆ ಕಾಯುವ ಐದು ನಿಮಿಷದಲ್ಲಿ ಮುಗಿಯುತ್ತದೆ. ಏನು, ಯಾವುದು, ಯಾರ ಹತ್ತಿರ: ಈ ಮೂರು ಸಾಲಿನಲ್ಲೇ ಇರಲಿ, ಕೊನೆಯಲ್ಲಿ ಕ್ರಿಯಾಪದ ಇರಲಿ. ಫೋನ್ ನಂಬರನ್ನು ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಹಾಕಿಡಿ.

‘ಕೊಟ್ಟಿಗೆ ಮಾಡಿಸುವುದು’ ಎನ್ನುವಂಥದ್ದು ಒಂದು ಕೆಲಸವೇ ಅಲ್ಲ, ಮೂವತ್ತು ಕೆಲಸಗಳ ಗಂಟು. ಅಂಥದ್ದನ್ನು ಪೂರ್ತಿ ಬಿಡಿಸಿ ಬರೆಯುವ ಅಗತ್ಯ ಇವತ್ತಿಗಿಲ್ಲ. ಮುಂದಿನ ಒಂದೇ ಹೆಜ್ಜೆ ಬರೆಯಿರಿ: ‘ಕೊಟ್ಟಿಗೆ ಮಾಡಿಗೆ ಶೀಟು ಎಷ್ಟು ಬೇಕು, ಅಳತೆ ತೆಗೆಯುವುದು’. ಅದು ಮುಗಿದಾಗ ಅದರ ಮುಂದಿನದನ್ನು ಹಾಕಿ.

ಪಟ್ಟಿಗಳು ಐದೇ ಇರಲಿ

ಹೊಸದಾಗಿ ಶುರುಮಾಡಿದವರು ಇಪ್ಪತ್ತು ಪಟ್ಟಿ ಮಾಡುತ್ತಾರೆ. ಆಮೇಲೆ ಪ್ರತಿ ಸಲ ಹೊಸ ಕೆಲಸ ಬರೆಯುವಾಗಲೂ ಇದು ಎಲ್ಲಿಗೆ ಹೋಗಬೇಕು ಎಂಬ ಯೋಚನೆಯೇ ಕೆಲಸವಾಗುತ್ತದೆ. ತೋಟ, ಮನೆ, ಹಣ ಮತ್ತು ಕಾಗದಪತ್ರ, ವ್ಯವಹಾರ (ಹೋಮ್‌ಸ್ಟೇ, ಅಂಗಡಿ, ಹಾಲು ಏನಿದೆಯೋ ಅದು), ಯಾವತ್ತಾದರೂ. ಈ ಐದು ಸಾಕು. ಹೊಸ ಕೆಲಸ ನೇರ ಇನ್‌ಬಾಕ್ಸಿಗೆ ಬೀಳಲಿ, ವಾರಕ್ಕೊಮ್ಮೆ ವಿಂಗಡಿಸಿದರೆ ಆಯಿತು.

‘ಯಾವತ್ತಾದರೂ’ ಪಟ್ಟಿಗೆ ಹೆದರಬೇಡಿ. ವೆನಿಲ್ಲಾ ಮತ್ತೊಮ್ಮೆ ಹಾಕಿ ನೋಡುವುದು, ಅಟ್ಟದ ಹಳೆಯ ಪಾತ್ರೆ ತೆಗೆಸುವುದು, ಗೋಕರ್ಣಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗುವುದು ಎಲ್ಲ ಅಲ್ಲಿರಲಿ. ನಾನೂರರಲ್ಲಿ ನೂರೈವತ್ತು ಅಲ್ಲಿಗೆ ಹೋದರೂ ಆಶ್ಚರ್ಯಪಡಬೇಕಿಲ್ಲ, ಹೋಗಬೇಕಾದದ್ದೇ.

ತಾರೀಖು: ನಿಜದ್ದು ಮಾತ್ರ

ಪಟ್ಟಿ ಕೆಡುವುದಕ್ಕೆ ಮುಖ್ಯ ಕಾರಣ ಸುಳ್ಳು ತಾರೀಖು. ‘ಬೇಲಿ ಸರಿಮಾಡುವುದು’ ಎಂದು ಬರೆದು, ಬರುವ ಸೋಮವಾರ ಮಾಡಿದರೆ ಒಳ್ಳೆಯದು ಅನ್ನಿಸಿ ಸೋಮವಾರದ ತಾರೀಖು ಹಾಕುತ್ತೀರಿ. ಸೋಮವಾರ ಮಳೆ. ಮಂಗಳವಾರ ಅದು ಕೆಂಪಾಗುತ್ತದೆ. ಏನೂ ಆಗಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಇಂಥದ್ದು ಇಪ್ಪತ್ತಾದಾಗ ಕೆಂಪು ಬಣ್ಣಕ್ಕೆ ಬೆಲೆಯೇ ಇರುವುದಿಲ್ಲ. ಆಗ ಅವುಗಳ ನಡುವೆ ಬೆಳೆಸಾಲದ ಗಡುವೂ ಕೆಂಪಾಗಿ ಕೂತಿರುತ್ತದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ.

ಆದ್ದರಿಂದ ತಾರೀಖು ಹಾಕುವ ಮುಂಚೆ ಕೇಳಿಕೊಳ್ಳಿ: ಈ ದಿನ ದಾಟಿದರೆ ಹಣ ಹೋಗುತ್ತದೆಯೇ, ದಂಡ ಬೀಳುತ್ತದೆಯೇ, ಯಾರಿಗಾದರೂ ಕೊಟ್ಟ ಮಾತು ತಪ್ಪುತ್ತದೆಯೇ, ಬೆಳೆ ಹಾಳಾಗುತ್ತದೆಯೇ? ಯಾವುದಕ್ಕೂ ಹೌದು ಅನ್ನಲು ಬಾರದಿದ್ದರೆ ತಾರೀಖು ಬೇಡ. ಸಾಲದ ಕಂತು, ಹೆಸ್ಕಾಂ (ಕರೆಂಟ್) ಬಿಲ್, ತಿಂಗಳ ಜಿಎಸ್‌ಟಿ ಇರುವವರಿಗೆ 20ನೇ ತಾರೀಖಿನ 3ಬಿ ರಿಟರ್ನ್, ವಾಹನದ ವಿಮೆ, ಪರೀಕ್ಷೆಯ ಫೀಸು ಇವು ನಿಜವಾದ ತಾರೀಖಿನವು. ನಾನೂರರಲ್ಲಿ ಇಂಥವು ಅರವತ್ತು ಎಪ್ಪತ್ತಕ್ಕಿಂತ ಹೆಚ್ಚು ಇರುವುದು ಅಪರೂಪ.

ಬೆಳೆ ವಿಮೆಯದು ಬೇರೆ ಬಗೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೆ ಕಂತು ಕಟ್ಟುವ ಕೊನೆಯ ದಿನವನ್ನು ಆಯಾ ವರ್ಷ ಪ್ರಕಟಿಸುತ್ತಾರೆ. ಹೋದ ವರ್ಷದ ತಾರೀಖನ್ನೇ ‘ಪ್ರತಿ ವರ್ಷ’ ಎಂದು ಹಾಕಿಟ್ಟರೆ ಮೋಸಹೋಗುತ್ತೀರಿ. ಜೂನ್ 1ಕ್ಕೆ ‘ಈ ವರ್ಷದ ವಿಮೆ ಕೊನೆ ದಿನ ಸೊಸೈಟಿಯಲ್ಲಿ ಕೇಳುವುದು’ ಎಂಬ ಕೆಲಸ ಬರುವಂತೆ ಮಾಡಿ. ಕೇಳಿ ತಿಳಿದ ಮೇಲೆ ನಿಜವಾದ ತಾರೀಖು ಹಾಕಿ.

ಗಡುವು ಒಂದು, ಶುರುಮಾಡುವ ದಿನ ಇನ್ನೊಂದು. ಪಹಣಿ ತಿದ್ದುಪಡಿಗೆ ಕಾಗದ ಜೋಡಿಸಲು ವಾರವೇ ಬೇಕಾಗುವಾಗ ಕೊನೆಯ ದಿನ ಬೆಳಿಗ್ಗೆ ಆಪ್ ಕೂಗಿದರೆ ಏನು ಬಂತು? ಟಾಸ್ಕ್ಸ್ ಡಾಟ್ ಆರ್ಗ್‌ನಲ್ಲಿ ಶುರುವಿನ ತಾರೀಖಿಗೆ ಬೇರೆ ಜಾಗವಿದೆ; ಆ ದಿನದವರೆಗೆ ಕೆಲಸ ಮರೆಯಲ್ಲಿರುವಂತೆ ಮಾಡಬಹುದು. ಮೈಕ್ರೋಸಾಫ್ಟ್ ಟು ಡುವಿನಲ್ಲಿ ನೆನಪೋಲೆಯನ್ನು (ರಿಮೈಂಡರ್) ಶುರುವಿನ ದಿನಕ್ಕೂ, ಡ್ಯೂ ಡೇಟನ್ನು ಗಡುವಿಗೂ ಇಡಿ. ಬೇರೆ ಆಪ್ ಆದರೆ ಶುರುವಿನ ದಿನವನ್ನು ತಾರೀಖಾಗಿ ಹಾಕಿ, ಗಡುವನ್ನು ಕೆಲಸದ ಹೆಸರಿನ ಮುಂದೆಯೇ ಬರೆಯಿರಿ: ‘(ಕೊನೆ ಜೂನ್ 30) ಶಾಲೆಗೆ ಆದಾಯ ಪ್ರಮಾಣಪತ್ರ ಕೊಡುವುದು’.

ಉಳಿದದ್ದಕ್ಕೆ ಲೇಬಲ್

ತಾರೀಖಿಲ್ಲದ ಮುನ್ನೂರು ಕೆಲಸಗಳಿಗೆ ಲೇಬಲ್ಲೇ ಆಧಾರ. ಲೇಬಲ್ ಎಂದರೆ ಆ ಕೆಲಸಕ್ಕೆ ಕೂಡಿಬರಬೇಕಾದ ಸಂದರ್ಭ. ‘ಮುಖ್ಯ’, ‘ಕೃಷಿ’, ‘ಬೇಗ’ ಎಂಬ ಲೇಬಲ್ಲುಗಳು ಯಾವ ಉಪಯೋಗಕ್ಕೂ ಬಾರವು, ಏಕೆಂದರೆ ಅವು ಯಾವಾಗ ನೋಡಬೇಕು ಎಂಬುದನ್ನು ಹೇಳುವುದಿಲ್ಲ. ನಮ್ಮ ಕಡೆಗೆ ಹೊಂದುವ ಒಂದು ಗುಂಪು ಹೀಗಿದೆ:

ಹೊಳವು: ಮಳೆ ಬಿಟ್ಟಾಗ ಮಾತ್ರ ಆಗುವ ಹೊರಗಿನ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತಿ ಹೆಚ್ಚು ತೆರೆಯುವ ಲೇಬಲ್ ಇದು.
ಮಳೆ: ಹೊರಗೆ ಕಾಲಿಡಲಾಗದ ದಿನದ ಒಳಗಿನ ಕೆಲಸ. ಲೆಕ್ಕ ಬರೆಯುವುದು, ಕತ್ತಿ ಮಸೆಯುವುದು, ಮೆಣಸು ಆರಿಸುವುದು.
ಪೇಟೆ: ಶಿರಸಿಯಲ್ಲಿ ಆಗುವಂಥದ್ದು, ಬ್ಯಾಂಕು, ಟಿಎಸ್‌ಎಸ್ (ಅಡಿಕೆ ಮಾರಾಟದ ಸಹಕಾರಿ ಸಂಘ), ಔಷಧಿ ಅಂಗಡಿ.
ಕಾರವಾರ: ಜಿಲ್ಲಾ ಕಚೇರಿಗಳ ಕೆಲಸ.
ಫೋನ್: ಎಲ್ಲಿಂದಾದರೂ ಮಾಡಬಹುದಾದ ಕರೆ.
ಆಳು: ಕೆಲಸದವರು ಬಂದ ದಿನ ಮಾಡಿಸಬೇಕಾದದ್ದು.
ಕೊನೆಗೌಡ: ಮರ ಹತ್ತುವವರು ಬಂದ ದಿನದ್ದು.
ಕಾಯುತ್ತಿದೆ: ನಮ್ಮ ಭಾಗ ಮುಗಿದು ಇನ್ನೊಬ್ಬರ ಕೈಯಲ್ಲಿರುವುದು.

ಎಂಟಾಯಿತು. ಹನ್ನೆರಡು ದಾಟಿದರೆ ಯಾವುದನ್ನು ಹಾಕಿದ್ದೆವು ಎಂಬುದೇ ನೆನಪಿರುವುದಿಲ್ಲ.

ಕಾರವಾರದ ಲೇಬಲ್ ಒಂದೇ ಇದರ ಬೆಲೆ ತೋರಿಸುತ್ತದೆ. ಶಿರಸಿಯಿಂದ ಘಟ್ಟ ಇಳಿದು ಹೆದ್ದಾರಿ ಹಿಡಿದು ಕಾರವಾರ ಮುಟ್ಟಲು ನೂರು ಕಿಲೋಮೀಟರಿಗೂ ಮೇಲೆ. ಹೋದರೆ ಆ ದಿನ ಮುಗಿಯಿತು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಲು ಹೋದವರು ಸಂಜೆ ಮನೆಗೆ ಬಂದ ಮೇಲೆ, ಅಲ್ಲೇ ಇನ್ನೊಂದು ಕಚೇರಿಯಲ್ಲಿ ಕೇಳಬೇಕಿದ್ದ ಫೈಲು ನೆನಪಾದರೆ ಮತ್ತೊಂದು ದಿನ ಹೋಯಿತು. ಹೊರಡುವ ಹಿಂದಿನ ರಾತ್ರಿ ಆ ಲೇಬಲ್ ಮುಟ್ಟಿ ನೋಡಿ. ದಾರಿಯಲ್ಲಿ ಕುಮಟಾ, ಅಂಕೋಲಾದ ಕೆಲಸಗಳಿದ್ದರೆ ಅವಕ್ಕೂ ಇದೇ ಲೇಬಲ್ ಹಾಕಿಟ್ಟಿರಿ. ತೆಗೆದುಕೊಂಡು ಹೋಗಬೇಕಾದ ಕಾಗದಗಳ ಹೆಸರು ಆಯಾ ಕೆಲಸದ ಟಿಪ್ಪಣಿಯಲ್ಲಿರಲಿ: ಆಧಾರ್ ನಕಲು ಎಷ್ಟು, ಪಹಣಿ ಯಾವ ಸರ್ವೆ ನಂಬರಿನದು, ಫೋಟೋ ಎಷ್ಟು.

‘ಕಾಯುತ್ತಿದೆ’ ಹಾಕುವಾಗ ಯಾರು, ಯಾವತ್ತಿನಿಂದ ಎಂಬುದನ್ನು ಬರೆಯಿರಿ: ‘ಸರ್ವೆಯವರು ಅಳತೆಗೆ ಬರುವುದು, ಅರ್ಜಿ ಕೊಟ್ಟದ್ದು ಆಗಸ್ಟ್ 4’. ಕೇಳಲು ಹೋದಾಗ ಮಾತಾಡಲು ಆ ತಾರೀಖು ಕೈಯಲ್ಲಿ ಬೇಕು.

ಕನ್ನಡದಲ್ಲಿ ಲೇಬಲ್ ಇಡುವವರಿಗೆ ಒಂದು ಎಚ್ಚರಿಕೆ. ಹುಡುಕುವಾಗ ಆಪ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಒಂದು ಕಡೆ ‘ಶಿರಸಿ’, ಇನ್ನೊಂದು ಕಡೆ ‘ಸಿರ್ಸಿ’, ಮತ್ತೊಂದು ಕಡೆ ‘ಶಿರ್ಸಿ’ ಎಂದಿದ್ದರೆ ಅದಕ್ಕೆ ಅವು ಮೂರು ಊರು. ಅರ್ಧಾಕ್ಷರದಲ್ಲಿ ಮುಗಿಯುವ ಪದಕ್ಕೆ ವಿಭಕ್ತಿ ಸೇರಿಸುವಾಗ ಕೆಲವು ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಪರದೆಯ ಮೇಲೆ ಒಂದೇ ತರ ಕಂಡರೂ ಹುಡುಕಿದಾಗ ಸಿಗುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಊರಿನ ಹೆಸರಿಗಿಂತ ‘ಪೇಟೆ’ ಎಂದಿಟ್ಟದ್ದು ಇದಕ್ಕೇ. ಲೇಬಲ್ ಚಿಕ್ಕದಿರಲಿ, ನಡುವೆ ಜಾಗ ಬಿಡಬೇಡಿ, ಪ್ರತಿ ಸಲ ಟೈಪ್ ಮಾಡುವ ಬದಲು ಆಪ್ ತೋರಿಸುವ ಪಟ್ಟಿಯಿಂದಲೇ ಆರಿಸಿ. ಮೈಕ್ರೋಸಾಫ್ಟ್ ಟು ಡುವಿನಲ್ಲಿ ಲೇಬಲ್ಲಿನ ಬದಲು ಹೆಸರಿನ ಕೊನೆಗೆ ಹ್ಯಾಶ್ ಚಿಹ್ನೆ ಹಾಕಿ ಪದ ಬರೆಯಬೇಕು. ಅದನ್ನು ಮುಟ್ಟಿದರೆ ಆ ಪದವಿರುವ ಎಲ್ಲ ಕೆಲಸ ಬರುತ್ತದೆ.

ಟೊಡೊಯಿಸ್ಟ್‌ನ ಮೂರು ಫಿಲ್ಟರನ್ನು ಹೀಗೆ ಬಳಸಿ. ಒಂದು, ಇವತ್ತಿನದು ಮತ್ತು ತಪ್ಪಿಹೋದದ್ದು. ಎರಡು, ಫೋನ್ ಲೇಬಲ್ ಇದ್ದು ತಾರೀಖಿಲ್ಲದ್ದು. ಮೂರನೆಯದು ಎಲ್ಲಕ್ಕಿಂತ ಉಪಯೋಗದ್ದು: ತಾರೀಖೂ ಇಲ್ಲ, ಲೇಬಲ್ಲೂ ಇಲ್ಲ. ಇಂಥ ಕೆಲಸ ತಾನಾಗಿ ಎಂದೂ ಕಣ್ಣಿಗೆ ಬೀಳುವುದಿಲ್ಲ. ಈ ಫಿಲ್ಟರ್ ವಾರಕ್ಕೊಮ್ಮೆ ಅವನ್ನು ಹೊರಗೆ ತೆಗೆಯುತ್ತದೆ. ‘ಯಾವತ್ತಾದರೂ’ ಪಟ್ಟಿಯನ್ನು ಇದರಿಂದ ಹೊರಗಿಡಬೇಕು, ಆ ಪಟ್ಟಿಯ ಹೆಸರಿನ ಮುಂದೆ ಆಶ್ಚರ್ಯಸೂಚಕ ಮತ್ತು ಹ್ಯಾಶ್ ಚಿಹ್ನೆ (!#) ಹಾಕಿದರೆ ಆಯಿತು. ಎರಡೂ ಇರಬೇಕು ಎನ್ನಲು & ಚಿಹ್ನೆ, ಯಾವುದಾದರೂ ಒಂದು ಎನ್ನಲು | ಚಿಹ್ನೆ. ಕೆಲಸದ ಹೆಸರು ಕನ್ನಡದಲ್ಲಿದ್ದರೂ ತಾರೀಖಿನ ಪದಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ‘ನಾಳೆ’ ಎಂದರೆ ಅದಕ್ಕೆ ತಿಳಿಯುವುದಿಲ್ಲ.

ಮತ್ತೆ ಮತ್ತೆ ಬರುವ ಕೆಲಸ

ಪುನರಾವರ್ತನೆಯಲ್ಲಿ ಎರಡು ಬಗೆ, ಅವು ಅದಲುಬದಲಾದರೆ ತೊಂದರೆ. ಒಂದು ತಾರೀಖಿನಿಂದ ಎಣಿಸುವುದು: ಹೆಸ್ಕಾಂ ಬಿಲ್ಲನ್ನು ನೀವು ಮೂರು ದಿನ ತಡವಾಗಿ ಕಟ್ಟಿದರೂ ಮುಂದಿನ ತಿಂಗಳ ಬಿಲ್ ತನ್ನ ದಿನಕ್ಕೇ ಬರುತ್ತದೆ. ಇನ್ನೊಂದು ಮುಗಿಸಿದ ದಿನದಿಂದ ಎಣಿಸುವುದು: ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು ಎರಡು ತಿಂಗಳಿಗೊಮ್ಮೆ ಎಂದಿದ್ದು, ಈ ಸಲ ಇಪ್ಪತ್ತು ದಿನ ತಡವಾದರೆ ಮುಂದಿನದೂ ಅಲ್ಲಿಂದಲೇ ಎರಡು ತಿಂಗಳು. ಟೊಡೊಯಿಸ್ಟ್‌ನಲ್ಲಿ ‘ಎವ್ರಿ’ ಎಂಬ ಪದದ ಬೆನ್ನಿಗೇ ಆಶ್ಚರ್ಯಸೂಚಕ ಚಿಹ್ನೆ ಸೇರಿಸಿದರೆ ಎರಡನೇ ಬಗೆ. ಟಾಸ್ಕ್ಸ್ ಡಾಟ್ ಆರ್ಗ್‌ನಲ್ಲಿ ಎರಡರಲ್ಲಿ ಒಂದನ್ನು ಆರಿಸಲು ಕೇಳುತ್ತದೆ. ಮೈಕ್ರೋಸಾಫ್ಟ್ ಟು ಡು, ಗೂಗಲ್ ಟಾಸ್ಕ್ಸ್‌ನಲ್ಲಿ ಎರಡನೇ ಬಗೆ ಇಲ್ಲ. ಅಲ್ಲಿ ಪುನರಾವರ್ತನೆ ಹಾಕದೆ, ಕೆಲಸ ಮುಗಿದಾಗ ಟಿಕ್ ಮಾಡುವ ಬದಲು ತಾರೀಖನ್ನೇ ಮುಂದಕ್ಕೆ ಸರಿಸಿ.

ಕೊಳೆ ಔಷಧಿಯನ್ನೇ ನೋಡಿ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾದ 40ರಿಂದ 45 ದಿನಕ್ಕೆ. ಜೂನ್ 5ಕ್ಕೆ ಅಂದುಕೊಂಡದ್ದು ದೋಟಿಯವರು (ಉದ್ದ ಕೋಲಿನಿಂದ ಔಷಧಿ ಹೊಡೆಯುವವರು) ಸಿಗದೆ ಜೂನ್ 12ಕ್ಕೆ ಆಯಿತು ಎನ್ನಿ. ತಾರೀಖಿನಿಂದ ಎಣಿಸುವ ಆಪ್ ಜುಲೈ 15ಕ್ಕೆ ನೆನಪಿಸುತ್ತದೆ. ನಿಜವಾಗಿ ಬೇಕಿರುವುದು ಜುಲೈ 22ರಿಂದ 27ರ ಒಳಗೆ. ಮಳೆಗಾಲದ ನಡುವೆ ಆಳು, ಔಷಧಿ ಹೊಂದಿಸುವಾಗ ಏಳು ದಿನದ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಎರಡನೇ ಸಿಂಪಡಣೆಯನ್ನು ಮೊದಲೇ ಹಾಕಿಡಬೇಡಿ. ಮೊದಲನೆಯದರ ಒಳಗೆ ಕೊನೆಯ ಉಪಕೆಲಸವಾಗಿ ‘ಇವತ್ತಿನಿಂದ 40 ದಿನಕ್ಕೆ ಎರಡನೆಯದನ್ನು ಹಾಕುವುದು’ ಎಂದು ಬರೆದಿಡಿ. ಎರಡನೆಯದಕ್ಕೆ ಹೊಳವು ಲೇಬಲ್ಲೂ ಇರಲಿ. ತಾರೀಖು, ಸಂದರ್ಭ ಎರಡೂ ಬೇಕಾದ ಕೆಲವೇ ಕೆಲಸಗಳಲ್ಲಿ ಇದೊಂದು.

ಆ ಕೆಲಸದ ಒಳಗಿನ ಉಪಪಟ್ಟಿ ಹೀಗಿದ್ದರೆ ಸಿಂಪಡಿಸುವ ದಿನ ಬೆಳಿಗ್ಗೆ ಪೇಟೆಗೆ ಓಡಬೇಕಾಗುವುದಿಲ್ಲ. ಎಷ್ಟು ಬ್ಯಾರಲ್ ಬೇಕು ಎಣಿಸುವುದು; ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ಕೊಳೆ ಔಷಧಿ ಇದೇ) 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅಂದರೆ 200 ಲೀಟರಿನ 5 ಬ್ಯಾರಲಿಗೆ ತಲಾ 10 ಕೆಜಿ ತರುವುದು; ಅಂಟು ತರುವುದು; ಪ್ಲಾಸ್ಟಿಕ್ ಡ್ರಮ್ ತೊಳೆದಿಡುವುದು, ಕಬ್ಬಿಣದ್ದು ಬೇಡ; ಪೈಪು, ನಾಜಲ್ ನೋಡುವುದು; ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಹೊಯ್ಯುವುದು; ಹೊಳೆಯುವ ಕತ್ತಿ ಅದ್ದಿ ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸುವುದು; ಕಲಸಿದ್ದನ್ನು ಅಂದೇ ಮುಗಿಸುವುದು. ಇದನ್ನು ಒಮ್ಮೆ ಬರೆದರೆ ಪ್ರತಿ ವರ್ಷಕ್ಕೂ ಬಂತು. ಕೊನೆಕೊಯ್ಲಿಗೂ ಹೀಗೇ ಒಂದು ಮಾದರಿ ಪಟ್ಟಿ ಮಾಡಿಡಿ, ಕೊಯ್ಲಿನ ಕಾಲಕ್ಕೆ ನಕಲು ತೆಗೆದು ಬಳಸಿ. ಮೂಲದಲ್ಲೇ ಟಿಕ್ ಮಾಡುತ್ತ ಹೋದರೆ ಮುಂದಿನ ವರ್ಷಕ್ಕೆ ಏನೂ ಉಳಿದಿರುವುದಿಲ್ಲ.

ತಿಥಿಯ ಲೆಕ್ಕದವಕ್ಕೆ ‘ಪ್ರತಿ ವರ್ಷ’ ಎಂದು ಹಾಕುವುದು ತಪ್ಪು. ಶ್ರಾದ್ಧ, ಚೌತಿ, ದೀಪಾವಳಿ ಯಾವುದೂ ಮುಂದಿನ ವರ್ಷ ಅದೇ ತಾರೀಖಿಗೆ ಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯೂ ಹಾಗೆಯೇ. ಪ್ರತಿ ವರ್ಷ ಏಪ್ರಿಲ್ 20ಕ್ಕೆ ‘ಹೊಸ ಪಂಚಾಂಗ ನೋಡಿ ತಿಥಿಗಳ ತಾರೀಖು ಹಾಕುವುದು’ ಎಂಬ ಒಂದೇ ಕೆಲಸ ಬರಲಿ. ಅಷ್ಟರೊಳಗೆ ಯುಗಾದಿ ಮುಗಿದಿರುತ್ತದೆ, ಬಗ್ಗೋಣ ಪಂಚಾಂಗ ಮನೆಗೆ ಬಂದಿರುತ್ತದೆ. ಅರ್ಧ ಗಂಟೆ ಕೂತರೆ ಇಡೀ ವರ್ಷದ್ದು ಆಯಿತು. ಮಳೆ ನಕ್ಷತ್ರಗಳದು ಸೂರ್ಯನ ಲೆಕ್ಕ, ಆದ್ದರಿಂದ ಅಲ್ಲಿ ‘ಪ್ರತಿ ವರ್ಷ’ ನಡೆಯುತ್ತದೆ: ಮೃಗಶಿರ ಜೂನ್ 7-8ರ ಸುಮಾರಿಗೆ, ಆರಿದ್ರ ಜೂನ್ 21-22ರ ಸುಮಾರಿಗೆ ಬರುವುದು ತಪ್ಪುವುದಿಲ್ಲ.

ಕೊನೆಯಿಂದ ಹಿಂದಕ್ಕೆ ಎಣಿಸುವ ಯೋಜನೆ

ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತಿರುವ ಲೆಕ್ಕ. ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಬೋಟಿನ ರಿಪೇರಿಯೆಲ್ಲ ಆ ಅವಧಿಯಲ್ಲೇ ಮುಗಿಯಬೇಕು. ಆಗಸ್ಟ್ 1ಕ್ಕೆ ಬೋಟು ತಯಾರಿಲ್ಲದಿದ್ದರೆ ವರ್ಷದ ಒಳ್ಳೆಯ ದಿನಗಳೇ ಕೈಬಿಟ್ಟವು. ಪಟ್ಟಿ ಬರೆಯುವಾಗ ಜೂನ್ 1ರಿಂದ ಶುರುಮಾಡದೆ ಜುಲೈ 31ರಿಂದ ಹಿಂದಕ್ಕೆ ಬನ್ನಿ: ಐಸು, ಡೀಸೆಲ್, ಲೈಸನ್ಸ್ ಕಾಗದ ಕೊನೆಯ ವಾರ, ಇಂಜಿನ್ ಓಡಿಸಿ ನೋಡುವುದು ಅದಕ್ಕೆ ಮುಂಚೆ, ಬಣ್ಣ ಒಣಗಬೇಕಾದರೆ ಬಿಸಿಲು ಬೇಕು, ಜುಲೈನಲ್ಲಿ ಬಿಸಿಲು ನೆಚ್ಚುವಂತಿಲ್ಲ, ಹಾಗಾಗಿ ಅದಕ್ಕೆ ತಾರೀಖಿನ ಜೊತೆ ಹೊಳವು ಲೇಬಲ್, ಹಲಗೆ ಕೆಲಸ ಬಣ್ಣಕ್ಕಿಂತ ಮುಂಚೆ, ಇಂಜಿನ್ ಬಿಚ್ಚುವುದು ಎಲ್ಲಕ್ಕಿಂತ ಮೊದಲು, ಬಿಡಿಭಾಗ ತರಿಸಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ಬಿಚ್ಚಿದ ಮೇಲಷ್ಟೇ ತಿಳಿಯುವುದರಿಂದ. ಬಲೆ ರಿಪೇರಿಗೆ ಮಾತ್ರ ಮಳೆ ಲೇಬಲ್ ಹಾಕಿ, ಮಾಡಿನ ಕೆಳಗೆ ಯಾವತ್ತಾದರೂ ಆಗುತ್ತದೆ. ಮದುವೆ, ಉಪನಯನ, ಮನೆ ಕಟ್ಟಿಸುವುದು, ಮುಂದಕ್ಕೆ ಸರಿಸಲಾಗದ ಕೊನೆಯ ದಿನ ಇರುವ ಎಲ್ಲದಕ್ಕೂ ಇದೇ ರೀತಿ.

ದಿನಕ್ಕೆ ಐದು ನಿಮಿಷ, ವಾರಕ್ಕೆ ನಲವತ್ತು

ಬೆಳಿಗ್ಗೆ ಚಾ ಕುಡಿಯುವಾಗ ಮೂರು ಕಡೆ ನೋಡಿ: ಇವತ್ತಿನ ತಾರೀಖಿನವು, ಹೊರಗೆ ಆಕಾಶ ಹೇಗಿದೆಯೋ ಅದರಂತೆ ಹೊಳವು ಅಥವಾ ಮಳೆ ಲೇಬಲ್, ಇವತ್ತು ಹೋಗುವ ಜಾಗದ ಲೇಬಲ್. ಅದರಿಂದ ಐದರಿಂದ ಏಳು ಆರಿಸಿ. ಮೈಕ್ರೋಸಾಫ್ಟ್ ಟು ಡುವಿನ ‘ಮೈ ಡೇ’ ಇದಕ್ಕೇ ಇರುವುದು. ನಡುರಾತ್ರಿ ಅದು ತಾನೇ ಖಾಲಿಯಾಗುತ್ತದೆ, ಮುಗಿಯದ ಕೆಲಸ ತನ್ನ ಪಟ್ಟಿಯಲ್ಲೇ ಉಳಿದಿರುತ್ತದೆ. ಟೊಡೊಯಿಸ್ಟ್‌ನಲ್ಲಿ ಆರಿಸಿದ್ದಕ್ಕೆ ಮೊದಲ ಆದ್ಯತೆ ಕೊಡಿ, ರಾತ್ರಿ ತೆಗೆಯಿರಿ. ಆರಿಸಿದ್ದಕ್ಕೆಂದು ಇವತ್ತಿನ ತಾರೀಖು ಹಾಕಿದಿರೋ, ಸುಳ್ಳು ತಾರೀಖು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂತು.

ವಾರದ ಕೆಲಸಕ್ಕೆ ನಿಮ್ಮೂರ ಸಂತೆಯ ಹಿಂದಿನ ಸಂಜೆ ಒಳ್ಳೆಯದು, ಪೇಟೆ ಲೇಬಲ್ ಹೇಗೂ ನೋಡಲೇಬೇಕು. ಮೊದಲು ಇನ್‌ಬಾಕ್ಸ್ ಖಾಲಿ ಮಾಡಿ. ಆಮೇಲೆ ತಾರೀಖೂ ಲೇಬಲ್ಲೂ ಇಲ್ಲದ್ದು. ಆಮೇಲೆ ‘ಕಾಯುತ್ತಿದೆ’, ಹದಿನೈದು ದಿನ ದಾಟಿದ್ದಕ್ಕೆ ಒಂದು ಫೋನ್. ಆಮೇಲೆ ಮುಂದಿನ ಮೂರು ವಾರದ ತಾರೀಖುಗಳು. ಕೊನೆಗೆ ಸಮಯವಿದ್ದರೆ ‘ಯಾವತ್ತಾದರೂ’ ಪಟ್ಟಿಯಿಂದ ಹತ್ತನ್ನು ಓದಿ, ಬೇಡವೆನಿಸಿದ್ದನ್ನು ಅಳಿಸಿ. ಎರಡು ವಾರ ತಪ್ಪಿದರೆ ಮೂರನೇ ವಾರ ಎಲ್ಲವನ್ನೂ ಸರಿಮಾಡಲು ಹೊರಡಬೇಡಿ. ಇನ್‌ಬಾಕ್ಸ್ ಮತ್ತು ತಪ್ಪಿಹೋದ ತಾರೀಖು, ಇವೆರಡೇ ಮಾಡಿ ಎದ್ದುಬಿಡಿ.

ಪಟ್ಟಿ ಆಗಲೇ ಕೆಂಪಾಗಿ ಹೋಗಿದ್ದರೆ ತಪ್ಪಿಹೋದವನ್ನೆಲ್ಲ ಒಟ್ಟಿಗೆ ಗುರುತುಹಾಕಿ, ನಿಜವಾದ ಗಡುವಿನವನ್ನು ಬಿಟ್ಟು ಉಳಿದವುಗಳ ತಾರೀಖನ್ನು ಒಂದೇ ಸಲ ತೆಗೆದುಹಾಕಿ, ಲೇಬಲ್ ಕೊಡಿ. ನಾಳೆಗೆ ಮುಂದೂಡುವ ಗುಂಡಿ ಒತ್ತಿದರೆ ನಾಳೆಯೂ ಅಷ್ಟೇ ಕೆಂಪು.

ನೆನಪೋಲೆ ಕೂಗದಿದ್ದರೆ, ಆಪ್ ನಿಂತೇಹೋದರೆ

ಆಪ್ ಸರಿಯಿದ್ದು ಫೋನೇ ಬಾಯಿ ಮುಚ್ಚಿಸುವುದು ತುಂಬ ಸಾಮಾನ್ಯ. ಹಲವು ಕಂಪನಿಗಳ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ಓಡುತ್ತಿರುವ ಆಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆಪ್ ತೆರೆದು ಬ್ಯಾಟರಿಯಲ್ಲಿ ನಿರ್ಬಂಧ ತೆಗೆಯಿರಿ. ಆಂಡ್ರಾಯ್ಡ್ 12ರಿಂದ ಈಚೆಗೆ ಅಲಾರಂ ಮತ್ತು ರಿಮೈಂಡರ್ ಅನುಮತಿ, 13ರಿಂದ ನೋಟಿಫಿಕೇಶನ್ ಅನುಮತಿ ಬೇರೆ ಬೇರೆಯಾಗಿವೆ, ಎರಡನ್ನೂ ನೋಡಿ. ಆಮೇಲೆ ಹತ್ತು ನಿಮಿಷದ ನಂತರಕ್ಕೆ ಒಂದು ಸುಳ್ಳು ಕೆಲಸ ಹಾಕಿ, ಪರದೆ ಆರಿಸಿಟ್ಟು ಕಾದು ಪರೀಕ್ಷಿಸಿ.

ಮನೆಮಂದಿಯ ಜೊತೆ ಎಲ್ಲವನ್ನೂ ಹಂಚಿಕೊಳ್ಳಬೇಡಿ. ಸಾಮಾನಿನ ಪಟ್ಟಿ, ಆಳುಗಳ ಕೆಲಸದ ಪಟ್ಟಿ ಎರಡು ಸಾಕು. ಪ್ರತಿ ಸಾಲಿನ ಎದುರು ಯಾರು ಮಾಡುವುದೆಂದು ಒಬ್ಬರದೇ ಹೆಸರು ಇರಲಿ. ಇಬ್ಬರ ಹೆಸರಿದ್ದ ಕೆಲಸವನ್ನು ಇಬ್ಬರೂ ಮಾಡುವುದಿಲ್ಲ, ಇಲ್ಲವೇ ಒಂದೇ ದಿನ ಎರಡು ಸಲ ಹಿಂಡಿ ಬರುತ್ತದೆ. ಆಪ್ ಹಾಕಿಕೊಳ್ಳದ ಅತ್ತಿಗೆಗೋ ಮಾವನಿಗೋ ಅವರ ಸಾಲುಗಳನ್ನು ವಾಟ್ಸಾಪ್‌ಗೆ ಕಳಿಸಿ, ನಿಮ್ಮಲ್ಲಿ ‘ಕಾಯುತ್ತಿದೆ’ ಎಂದು ಇಟ್ಟುಕೊಳ್ಳಿ.

ಮೂರು ತಿಂಗಳಿಗೊಮ್ಮೆ ಪಟ್ಟಿಯ ಒಂದು ಪ್ರತಿ ಹೊರಗೆ ತೆಗೆದಿಡಿ. ಲಕ್ಷಾಂತರ ಜನ ಬಳಸುತ್ತಿದ್ದ ವಂಡರ್‌ಲಿಸ್ಟನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡು 2020ರ ಮೇ 6ಕ್ಕೆ ನಿಲ್ಲಿಸಿತು. ಟೊಡೊಯಿಸ್ಟ್‌ನಲ್ಲಿ ಪ್ರತಿ ಪ್ರಾಜೆಕ್ಟನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು, ಎಕ್ಸೆಲ್‌ನಲ್ಲಿ ತೆರೆಯುತ್ತದೆ. ಕನ್ನಡ ಅಕ್ಷರ ಕೆಟ್ಟು ಕಂಡರೆ ನೇರ ತೆರೆಯದೆ, ಡೇಟಾ ಆಮದು ಆಯ್ಕೆಯಲ್ಲಿ ಯುಟಿಎಫ್-8 ಎಂದು ಆರಿಸಿ ತೆರೆಯಿರಿ. ಗೂಗಲ್ ಟಾಸ್ಕ್ಸ್‌ನದು ಗೂಗಲ್ ಟೇಕ್‌ಔಟ್ ಮೂಲಕ ಬರುತ್ತದೆ. ಮೈಕ್ರೋಸಾಫ್ಟ್ ಟು ಡುವಿನಲ್ಲಿ ಕಂಪ್ಯೂಟರಿನಿಂದ ಪಟ್ಟಿ ಪ್ರಿಂಟ್ ಮಾಡಿಕೊಳ್ಳುವುದೇ ಸುಲಭ. ಟಾಸ್ಕ್ಸ್ ಡಾಟ್ ಆರ್ಗ್ ತಾನೇ ಬ್ಯಾಕಪ್ ಫೈಲು ಬರೆಯುತ್ತದೆ, ಆದರೆ ಫೋನಿನ ಒಳಗೇ. ಫೋನು ಕೆರೆಗೆ ಬಿದ್ದರೆ ಅದೂ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಡ್ರೈವ್ ಬ್ಯಾಕಪ್ ಚಾಲೂ ಮಾಡಿ, ಅಥವಾ ಆ ಫೈಲನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ.